ಕೋಲಾರದ ಕೊಳಾಯಿ ನೀರು: ನಾಲಿಗೆಗೆ ಸಿಗುವುದು, ಸಿಗದಿರುವುದು

ಹೋದ ಬೇಸಿಗೆಯಲ್ಲಿ ನೀರಿನ ಮಷೀನ್ ಮಾರುವ ಹುಡುಗನೊಬ್ಬ ನಮ್ಮ ಮನೆಗೆ ಬಂದಿದ್ದ. ಎರಡು ಗಾಜಿನ ಲೋಟ ಕೇಳಿದ. ಒಂದಕ್ಕೆ ನಮ್ಮ ಕೊಳಾಯಿ ನೀರು, ಇನ್ನೊಂದಕ್ಕೆ ಅವನೇ ಬಾಟಲಿಯಲ್ಲಿ ತಂದಿದ್ದ ಆರ್‌ಒ ನೀರು, ಅಂದರೆ ಮಷೀನಿನಲ್ಲಿ ಲವಣ ತೆಗೆದ ನೀರು. ಲೋಹದ ಕಡ್ಡಿಗಳಿದ್ದ ಒಂದು ಸಾಧನವನ್ನು ಎರಡೂ ಲೋಟಕ್ಕೆ ಇಳಿಬಿಟ್ಟು ಸ್ವಿಚ್ ಹಾಕಿದ. ಅರ್ಧ ನಿಮಿಷದಲ್ಲಿ ಕೊಳಾಯಿ ನೀರು ಹಳದಿಯಾಯಿತು, ಆಮೇಲೆ ಕಂದು, ಆಮೇಲೆ ಚರಂಡಿ ನೀರಿನ ಹಾಗೆ ಕಪ್ಪುಹಸಿರು. ಮೇಲೆ ನೊರೆ, ತಳದಲ್ಲಿ ಗಸಿ. ಅವನ ನೀರು ಮಾತ್ರ ತಿಳಿಯಾಗಿಯೇ ಇತ್ತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಇಷ್ಟು ವರ್ಷ ಇದನ್ನೇ ಕುಡಿದ್ವೇನಮ್ಮಾ?" ಅಂದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಅಡುಗೆಮನೆಯಿಂದ ಉಪ್ಪಿನ ಡಬ್ಬಿ ತಂದು, ಅವನ ತಿಳಿ ನೀರಿಗೆ ಒಂದು ಚಿಟಿಕೆ ಹಾಕಿ ಕಲಕಿ, "ಈಗ ಸ್ವಿಚ್ ಹಾಕಪ್ಪಾ" ಅಂದೆ. ಆ ಲೋಟವೂ ಕಂದಾಯಿತು.

ಆ ಬಣ್ಣ ನೀರಿನಲ್ಲಿ ಇದ್ದದ್ದಲ್ಲ, ಕಡ್ಡಿಯಿಂದ ಬಂದದ್ದು. ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ಉಪ್ಪಿನಂಶ ಇರುವ ನೀರಿನಲ್ಲಿ ಕರೆಂಟು ಹರಿಯುತ್ತದೆ. ಹರಿದಾಗ ಕಡ್ಡಿಯ ಕಬ್ಬಿಣವೇ ಕರಗಿ ತುಕ್ಕಿನಂಥ ಗಸಿಯಾಗುತ್ತದೆ. ಆರ್‌ಒ ನೀರಿನಲ್ಲಿ ಉಪ್ಪಿನಂಶ ತೀರಾ ಕಡಿಮೆ, ಕರೆಂಟು ಹರಿಯುವುದಿಲ್ಲ, ಹಾಗಾಗಿ ಬಣ್ಣವೂ ಇಲ್ಲ. ನಮ್ಮ ನೀರಿನಲ್ಲಿ ಲವಣ ಇದೆ ಎಂಬುದಷ್ಟೇ ಆ ಪ್ರದರ್ಶನದಿಂದ ಗೊತ್ತಾಗುವುದು. ಅದು ನಮ್ಮ ನಾಲಿಗೆಗೆ ಮೊದಲೇ ಗೊತ್ತಿತ್ತು.

ಆ ಹುಡುಗನ ಮೇಲೆ ನನಗೆ ಕೋಪವಿಲ್ಲ, ಅವನಿಗೆ ಹೇಳಿಕೊಟ್ಟದ್ದನ್ನು ಅವನು ಮಾಡಿದ. ನನ್ನ ಚಿಂತೆ ಬೇರೆ. ಹೆದರಿದ ಮನೆಯವರು ಅವತ್ತೇ ಮುಂಗಡ ಕೊಟ್ಟು ಮಷೀನ್ ತರಿಸುತ್ತಾರೆ. ನಮ್ಮ ನೀರಿನಲ್ಲಿ ನಿಜವಾಗಿ ಇರುವುದೇನು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆಯವರಿಗೆ ಆ ಪ್ರಶ್ನೆ ಬೇರೆಯವರಿಗಿಂತ ಹೆಚ್ಚು ಮುಖ್ಯ.

ಮೊದಲು ರುಚಿಯ ವಿಷಯ. ನೀರಿಗೆ ರುಚಿ ಬರುವುದು ಅದರಲ್ಲಿ ಕರಗಿರುವ ಲವಣಗಳಿಂದ: ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಬೈಕಾರ್ಬೊನೇಟ್, ಕ್ಲೋರೈಡ್, ಸಲ್ಫೇಟ್. ನಮ್ಮ ನೆಲ ಬಹುಪಾಲು ಕಗ್ಗಲ್ಲು. ಮಳೆ ನೀರು ಆ ಬಂಡೆಯ ಬಿರುಕುಗಳಲ್ಲಿ ಇಳಿಯುತ್ತಾ ಕಲ್ಲಿನ ಅಂಶವನ್ನು ಕರಗಿಸಿಕೊಳ್ಳುತ್ತದೆ. ತಾತನ ಕಾಲದ ತೆರೆದ ಬಾವಿಯಲ್ಲಿ ನಾಲ್ಕೈದು ಆಳಿನ ಆಳಕ್ಕೆ ನೀರು ಸಿಗುತ್ತಿತ್ತು, ಅದು ಹೋದ ವರ್ಷದ ಮಳೆಯ ನೀರು. ಈಗ ಸಾವಿರ, ಸಾವಿರದಿನ್ನೂರು ಅಡಿ ಕೊರೆದು ಎತ್ತುವ ನೀರು ಎಷ್ಟೋ ಕಾಲ ಬಂಡೆಯ ಜೊತೆಯಲ್ಲೇ ಕೂತಿದ್ದ ನೀರು. ಅದಕ್ಕೇ ಅಷ್ಟು ಗಡಸು.

ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ದಾಟಿದರೆ ಉಪ್ಪುಪ್ಪು ಅನ್ನಿಸತೊಡಗುತ್ತದೆ. ಮೆಗ್ನೀಸಿಯಂ ಸಲ್ಫೇಟ್ ಹೆಚ್ಚಿದ್ದರೆ ಗಂಟಲಿನಲ್ಲಿ ಕಹಿ ಉಳಿಯುತ್ತದೆ. ಕಬ್ಬಿಣದ ಅಂಶವಿದ್ದರೆ ಒಗರು; ಅಂಥ ನೀರು ಹಿಡಿದಾಗ ತಿಳಿಯಾಗಿದ್ದು ಗಂಟೆ ಬಿಟ್ಟು ನೋಡಿದರೆ ಕೆಂಪಾಗಿರುತ್ತದೆ. ಬಹಳ ದಿನ ಓಡಿಸದೆ ಬಿಟ್ಟ ಬೋರಿನಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ಕೆರೆ, ಜಲಾಶಯದ ನೀರಿಗೆ ಬೇಸಿಗೆಯಲ್ಲಿ ಬರುವ ಮಣ್ಣಿನ ವಾಸನೆ ಪಾಚಿ ಮತ್ತು ಸೂಕ್ಷ್ಮಜೀವಿಗಳು ಬಿಡುವ ಜಿಯೋಸ್ಮಿನ್ ಎಂಬ ವಸ್ತುವಿನದು. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಘಮದಲ್ಲೂ ಅದೇ ಇರುತ್ತದೆ. ಮಣ್ಣಿನಲ್ಲಿ ಹಿತ, ನೀರಿನಲ್ಲಿ ಬೇಡ.

ಮೂಲ ಬದಲಾದರೆ ರುಚಿಯೂ ಬದಲಾಗುತ್ತದೆ. ಮಾರ್ಕಂಡೇಯ ನದಿಗೆ ಕಟ್ಟಿದ ಯರಗೋಳ್ ಅಣೆಕಟ್ಟೆ 2023ರಲ್ಲಿ ಉದ್ಘಾಟನೆಯಾಯಿತು. ಕೋಲಾರ, ಮಾಲೂರು, ಬಂಗಾರಪೇಟೆಗೆ ಕುಡಿಯುವ ನೀರು ಕೊಡಲೆಂದೇ ಕಟ್ಟಿದ್ದು. ಅದು ಮಳೆ ನೀರು ನಿಂತದ್ದು, ಬೋರ್ ನೀರಿಗಿಂತ ಮೆದು. ತುಮಕೂರಿಗೆ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರೂ, ಚಿಕ್ಕಬಳ್ಳಾಪುರಕ್ಕೆ ಬರುವ ಜಕ್ಕಲಮಡಗು ನೀರೂ ಹಾಗೆಯೇ. ಒಂದೇ ಕೊಳಾಯಿಯಲ್ಲಿ ಇವತ್ತು ಜಲಾಶಯದ ನೀರು, ನಾಳೆ ಬೋರ್ ನೀರು ಬಂದರೆ ಬೆಳಗಿನ ಕಾಫಿಯಲ್ಲೇ ಗೊತ್ತಾಗಿಬಿಡುತ್ತದೆ.

ಗಡಸು ನೀರಿನ ಬಗ್ಗೆ ನಮ್ಮ ಹೆಣ್ಣುಮಕ್ಕಳಿಗೆ ಪಾಠ ಬೇಕಿಲ್ಲ. ಸೋಪು ನೊರೆ ಬರುವುದಿಲ್ಲ, ಅವರೆಕಾಳು ಎಷ್ಟು ಸೀಟಿ ಕೂಗಿಸಿದರೂ ಗಟ್ಟಿ. ಕಾಳಿನ ಜೀವಕೋಶಗಳನ್ನು ಅಂಟಿನ ಹಾಗೆ ಹಿಡಿದಿಡುವ ಪೆಕ್ಟಿನ್ ಎಂಬುದಿದೆ. ನೀರಿನ ಕ್ಯಾಲ್ಸಿಯಂ ಅದರ ಜೊತೆ ಸೇರಿ ಅಂಟನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಅದಕ್ಕೇ ಬೇಳೆ ಕರಗುವುದಿಲ್ಲ. ನೀರನ್ನು ಚೆನ್ನಾಗಿ ಕುದಿಸಿದರೆ ಕ್ಯಾಲ್ಸಿಯಂನಲ್ಲಿ ಒಂದಷ್ಟು ಸುಣ್ಣವಾಗಿ ಪಾತ್ರೆಯ ಗೋಡೆಗೆ ಅಂಟುತ್ತದೆ. ನೀರಿನ ಪಾತ್ರೆಯಲ್ಲಿ ಕಾಣುವ ಬಿಳಿ ಪೊರೆ ಅದೇ. ಹಾಗೆ ಕುದಿಸಿ ತಣಿಸಿ ಬಸಿದ ನೀರಿನಲ್ಲಿ ಕಾಳು ನೆನೆಸಿ ಬೇಯಿಸಿದರೆ ವ್ಯತ್ಯಾಸ ಕಾಣುತ್ತದೆ. ಪೊರೆ ಹೋಗಲು ಹುಣಸೆಹಣ್ಣು ಅಥವಾ ನಿಂಬೆ ಸಾಕು. ಆ ಸುಣ್ಣ ಹೊಟ್ಟೆಗೆ ಹೋದರೆ ಕಿಡ್ನಿ ಕಲ್ಲಾಗುತ್ತದೆ ಎಂದು ಹೆದರಿಸುವವರಿದ್ದಾರೆ. ನೀರಿನ ಗಡಸಿಗಿಂತ ನೀರು ಕಡಿಮೆ ಕುಡಿಯುವುದೇ ಅದಕ್ಕೆ ದೊಡ್ಡ ಕಾರಣ.

ಬ್ಲೀಚಿಂಗ್ ವಾಸನೆ ಬಂದರೆ ಮೂಗು ಮುರಿಯುತ್ತೇವೆ. ಆದರೆ ಅದು ಕಾವಲುಗಾರನ ವಾಸನೆ. ಕೊಳಾಯಿಯ ತುದಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ಬಿಐಎಸ್, ಅಂದರೆ ಭಾರತೀಯ ಮಾನಕ ಸಂಸ್ಥೆಯ ಮಾನದಂಡ. ನಮ್ಮಲ್ಲಿ ನೀರು ದಿನವೂ ಬರುವುದಿಲ್ಲ. ಪೈಪು ಖಾಲಿ ಇದ್ದಾಗ ಒಡೆದ ಜಾಗದಿಂದ ಸುತ್ತಲ ಕೊಳೆ ಒಳಗೆ ಎಳೆದುಕೊಳ್ಳುತ್ತದೆ. ನೀರು ಬಿಟ್ಟಾಗ ಮೊದಲ ಬಿಂದಿಗೆಗಳು ಮಂಕಾಗಿ ಬರುವುದು ಅದರಿಂದಲೇ. ಆ ಮೊದಲ ನೀರನ್ನು ಸಂಪಿಗೆ ಬಿಡಬೇಡಿ, ಬಚ್ಚಲಿಗೋ ಗಿಡಕ್ಕೋ ಹಿಡಿಯಿರಿ. ಇನ್ನು ಸಂಪಿನಲ್ಲಿ ವಾರಗಟ್ಟಲೆ ನಿಂತ ನೀರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಕಾವಲೂ ಹೋಗಿರುತ್ತದೆ. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಸಂಪಿಗೆ ಸುರಿದು ಅರ್ಧ ಗಂಟೆ ಬಿಡಬೇಕು. ಕುಡಿಯುವ ನೀರಿನಲ್ಲಿ ವಾಸನೆ ಬೇಡವೆಂದರೆ ಅಗಲ ಬಾಯಿಯ ಪಾತ್ರೆಯಲ್ಲಿ ತೆಳು ಬಟ್ಟೆ ಮುಚ್ಚಿ ರಾತ್ರಿ ಇಟ್ಟರೆ ಬೆಳಗ್ಗೆ ಹೊತ್ತಿಗೆ ಬಹುಪಾಲು ಹೋಗಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ನಾಲಿಗೆಗೋ ಮೂಗಿಗೋ ಕಣ್ಣಿಗೋ ಸಿಗುವುದು. ನಮ್ಮ ಜಿಲ್ಲೆಗಳ ದೊಡ್ಡ ಕಂಟಕ ಯಾವುದಕ್ಕೂ ಸಿಗುವುದಿಲ್ಲ. ಅದು ಫ್ಲೋರೈಡ್. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯವರಿಗೆ ಹಲ್ಲಿನ ಮೇಲಿನ ಕಂದು ಪಟ್ಟೆ ಹೊಸದಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಎನ್ನುತ್ತದೆ ಕುಡಿಯುವ ನೀರಿನ ಬಿಐಎಸ್ ಮಾನದಂಡ ಐಎಸ್ 10500. ಅದಕ್ಕಿಂತ ಹೆಚ್ಚಿನ ನೀರನ್ನು ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ ಕುಡಿದರೆ ಹಲ್ಲಿಗೆ ಕಲೆ. ಇನ್ನೂ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿತ. ಆದ ಮೇಲೆ ವಾಪಸು ತರುವ ಔಷಧಿಯಿಲ್ಲ.

ಇದರಲ್ಲಿ ನನ್ನನ್ನು ಬೆಚ್ಚಿಬೀಳಿಸಿದ ಸಂಗತಿ ಇನ್ನೊಂದು. ಫ್ಲೋರೈಡ್ ನಮ್ಮ ಬಂಡೆಯ ಖನಿಜಗಳಲ್ಲೇ ಇದೆ. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಅದರ ಜೊತೆ ಸೇರಿ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಒಂದು ಮಟ್ಟಿಗಿಂತ ಮೇಲೇರುವುದಿಲ್ಲ. ಕ್ಯಾಲ್ಸಿಯಂ ಕಡಿಮೆ ಇದ್ದು ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿರುವ ಮೆದು ನೀರಿನಲ್ಲಿ ಆ ತಡೆ ಇಲ್ಲ, ಫ್ಲೋರೈಡ್ ಕರಗಿಕೊಂಡೇ ಇರುತ್ತದೆ. ಎಂದರೆ ಸೋಪು ಚೆನ್ನಾಗಿ ನೊರೆ ಬರುವ, ಬೇಳೆ ಬೇಗ ಬೇಯುವ, ಊರೆಲ್ಲ ಸಿಹಿ ನೀರು ಎಂದು ಹೊಗಳುವ ಬೋರಿನಲ್ಲೇ ಅದು ಹೆಚ್ಚಿರಬಹುದು. ಯಾವಾಗಲೂ ಹಾಗೆಂದಲ್ಲ, ಆದರೆ ಹಾಗೂ ಇರುತ್ತದೆ.

ನನ್ನ ತವರು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿಯ ಬೋರ್ ನೀರನ್ನು ಅಮ್ಮ ಹೊಗಳದ ದಿನವಿಲ್ಲ. ಆ ಹುಡುಗ ಬಂದುಹೋದ ಮೇಲೆ ಎರಡೂ ಮನೆಯ ನೀರನ್ನು ಪರೀಕ್ಷೆಗೆ ಕೊಟ್ಟೆ. ಅಂಕಿಗಳೆಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಕೋಲಾರದ ನಮ್ಮ ಮನೆಯ, ಎಲ್ಲರೂ ಬೈಯುವ ನೀರು: ಟಿಡಿಎಸ್ 780, ಗಡಸುತನ 430, ಫ್ಲೋರೈಡ್ 0.7. ಅಮ್ಮನ ಸಿಹಿ ನೀರು: ಟಿಡಿಎಸ್ 520, ಗಡಸುತನ 140, ಫ್ಲೋರೈಡ್ 2.3. ಚೀಟಿ ಓದಿ ಹೇಳಿದಾಗ ಅಮ್ಮ ನಂಬಲಿಲ್ಲ. "ಅದೆಂಗೆ? ನಿಮ್ಮೂರ ನೀರಲ್ಲಿ ಬೇಳೆನೇ ಬೇಯಲ್ಲ" ಅಂದರು.

ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ಘನಾಂಶ. ಪೆನ್ನಿನಂಥ ಮೀಟರ್ ಅದನ್ನು ತೂಗಿ ಹೇಳುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆಂದು ನೋಡಿ ಅಂದಾಜು ಮಾಡುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಇದನ್ನು ಮಾಡಿ ತೋರಿಸುತ್ತೇನೆ. ಒಂದು ಲೋಟ ಫಿಲ್ಟರ್ ನೀರಿಗೆ ನಾಲ್ಕು ಚಮಚ ಸಕ್ಕರೆ ಹಾಕಿ ಪಾನಕದಂತೆ ಮಾಡಿದರೂ ಮೀಟರಿನ ಅಂಕಿ ಹೆಚ್ಚು ಕದಲುವುದಿಲ್ಲ, ಏಕೆಂದರೆ ಸಕ್ಕರೆ ವಿದ್ಯುತ್ ಹರಿಸುವುದಿಲ್ಲ. ಅದೇ ಬೇರೆ ಲೋಟಕ್ಕೆ ಚಿಟಿಕೆ ಉಪ್ಪು ಹಾಕಿದರೆ ಅಂಕಿ ಜಿಗಿಯುತ್ತದೆ. ರೋಗಾಣು ಆ ಮೀಟರಿಗೆ ಕಾಣುವುದಿಲ್ಲ, ಕೀಟನಾಶಕ ಕಾಣುವುದಿಲ್ಲ. 520ರಲ್ಲಿ ಅಡಗಿರುವ 2.3 ಫ್ಲೋರೈಡ್ ಅಂತೂ ಕಾಣುವುದೇ ಇಲ್ಲ. ರುಚಿಯ ಮಟ್ಟಿಗೆ ಆ ಅಂಕಿ ಸರಿ: 600ರ ಒಳಗೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, 1000 ದಾಟಿದರೆ ಕುಡಿಯಲು ಮನಸ್ಸು ಬರುವುದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆರೋಗ್ಯಕ್ಕೆ ಅದೊಂದನ್ನೇ ನಂಬಬಾರದು.

ಹಾಗಾದರೆ ಯಾವ ಫಿಲ್ಟರ್? ಹಳೆಯ ಕ್ಯಾಂಡಲ್ ಫಿಲ್ಟರ್ ಕೊಳೆ, ಕೆಸರು, ಬಹುಪಾಲು ಬ್ಯಾಕ್ಟೀರಿಯಾ ತಡೆಯುತ್ತದೆ; ಲವಣವನ್ನು ಮುಟ್ಟುವುದಿಲ್ಲ. ಕಾರ್ಬನ್ ಅಂದರೆ ವಿಶೇಷವಾಗಿ ತಯಾರಿಸಿದ ಇದ್ದಿಲು, ಕ್ಲೋರಿನ್ ಮತ್ತು ಮಣ್ಣಿನ ವಾಸನೆ ಹೀರಿಕೊಳ್ಳುತ್ತದೆ; ಕಾಲಕಾಲಕ್ಕೆ ಬದಲಾಯಿಸದಿದ್ದರೆ ಅದೇ ಬ್ಯಾಕ್ಟೀರಿಯಾಕ್ಕೆ ಮನೆಯಾಗುತ್ತದೆ. ಯುವಿ, ಅಂದರೆ ಅತಿನೇರಳೆ ಬೆಳಕಿನ ದೀಪ ರೋಗಾಣು ಕೊಲ್ಲುತ್ತದೆ, ಆದರೆ ನೀರು ತಿಳಿಯಾಗಿರಬೇಕು, ಮಂಕು ನೀರಿನಲ್ಲಿ ಬೆಳಕು ತಲುಪುವುದಿಲ್ಲ. ಇವು ಮೂರೂ ಫ್ಲೋರೈಡಿಗೆ ಉಪಯೋಗವಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾಗಿ ಫ್ಲೋರೈಡ್ ಉಳಿದು ಸ್ವಲ್ಪ ಗಟ್ಟಿಯೇ ಆಗುತ್ತದೆ.

ಉಳಿದದ್ದು ಆರ್‌ಒ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮಾರನೆಯ ದಿನ ಜಾಡಿಯಲ್ಲಿ ರಸ ಬಿಟ್ಟಿರುತ್ತದೆ ಅಲ್ಲವೇ, ಹೋಳಿನೊಳಗಿನ ನೀರನ್ನು ಉಪ್ಪು ಹೊರಗೆ ಎಳೆದುಕೊಂಡಿರುತ್ತದೆ. ನೀರು ತಾನಾಗಿ ಹೋಗುವುದು ಉಪ್ಪು ಹೆಚ್ಚಿರುವ ಕಡೆಗೆ. ಆರ್‌ಒ ಅದನ್ನು ಉಲ್ಟಾ ಮಾಡುತ್ತದೆ: ಉಪ್ಪು ನೀರನ್ನು ಪಂಪಿನಿಂದ ಒತ್ತಿ, ತೀರಾ ಸಣ್ಣ ರಂಧ್ರಗಳ ಪೊರೆಯ ಮೂಲಕ ನೀರನ್ನು ಮಾತ್ರ ಆಚೆ ದಾಟಿಸುತ್ತದೆ. ಫ್ಲೋರೈಡ್, ನೈಟ್ರೇಟ್ ಎರಡನ್ನೂ ಬಹುಪಾಲು ತೆಗೆಯುತ್ತದೆ. ನಮ್ಮ ಕಡೆಯ ಕೆಲವು ಬೋರ್‌ಗಳಲ್ಲಿ ಕಂಡುಬಂದಿರುವ ಯುರೇನಿಯಂ ಅನ್ನೂ.

ಇದಕ್ಕೆ ಕೊಡುವ ಬೆಲೆ ನೀರಿನಲ್ಲೇ. ಮನೆಯ ಮಷೀನ್ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಸಾವಿರ ಅಡಿಯಿಂದ ಎತ್ತಿದ ನೀರು ಚರಂಡಿಗೆ ಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಕೇಂದ್ರದ ಪರಿಸರ ಸಚಿವಾಲಯಕ್ಕೆ ಸೂಚಿಸಿದ್ದು ಈ ಕಾರಣಕ್ಕೇ. ಆಶಯ ಸರಿ. ಆದರೆ ಟಿಡಿಎಸ್ 450 ಇದ್ದು ಫ್ಲೋರೈಡ್ 2 ಇರುವ ಹಳ್ಳಿಗೆ ಆ ಒಂದು ಅಂಕಿಯ ಲೆಕ್ಕ ಒಪ್ಪುವುದಿಲ್ಲ. ಹೊರಬಿಟ್ಟ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಪಾತ್ರೆಯ ಮೊದಲ ತೊಳೆತಕ್ಕೆ, ಕಕ್ಕಸಿಗೆ ಬಳಸಿ. ಗಿಡಗಳಿಗೆ ದಿನವೂ ಬೇಡ, ಮಣ್ಣಿನಲ್ಲಿ ಉಪ್ಪು ಕೂಡುತ್ತದೆ.

ಆರ್‌ಒ ನೀರಿನಲ್ಲಿ ಸತ್ವವಿಲ್ಲ, ಮೂಳೆ ಸವೆಯುತ್ತದೆ ಎಂಬ ಮಾತೂ ಓಡಾಡುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಲೀಟರಿಗೆ 75 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೂ ಸಿಗುವುದು 150. ಮುದ್ದೆ ಉಣ್ಣುವವರು ಕ್ಯಾಲ್ಸಿಯಂಗೆ ನೀರನ್ನು ಕಾಯಬೇಕಿಲ್ಲ.

ಅಮ್ಮನ ಮನೆಗೆ ಆರ್‌ಒ ಹಾಕಿಸಿದೆವು. ಮೊದಲ ದಿನವೇ ಅಮ್ಮ, "ಸಪ್ಪಗೈತೆ ಕಣೇ, ಗಂಟಲಿಗೆ ಇಳಿಯಲ್ಲ" ಅಂದರು. ನಮ್ಮ ಜೊಲ್ಲಿನಲ್ಲೇ ಉಪ್ಪಿನಂಶ ಇರುವುದರಿಂದ, ಅದಕ್ಕಿಂತ ತೀರಾ ಕಡಿಮೆ ಲವಣದ ನೀರು ನಾಲಿಗೆಗೆ ಬರಿದಾಗಿಯೋ ಕಹಿಯಾಗಿಯೋ ಕಾಣುತ್ತದೆ. ಫಿಟ್ ಮಾಡಲು ಬಂದವರು ಮಷೀನಿನ ಹಿಂಬದಿಯ ಸಣ್ಣ ಸ್ಕ್ರೂ ತಿರುಗಿಸಿ, ಮೀಟರಿನಲ್ಲಿ 250 ತೋರಿಸಿ, "ಈಗ ಕುಡಿಯಿರಿ ಅಮ್ಮ" ಅಂದರು. ಅಮ್ಮನಿಗೆ ಖುಷಿ. ನನಗೆ ಗೊತ್ತಾದದ್ದು ತಿಂಗಳು ಕಳೆದ ಮೇಲೆ.

ಆ ಸ್ಕ್ರೂ ಮಾಡುವುದಿಷ್ಟೇ: ಪೊರೆ ದಾಟದ ಹಸಿ ನೀರನ್ನು ಶುದ್ಧ ನೀರಿಗೆ ಬೆರೆಸುತ್ತದೆ. ಲೆಕ್ಕ ಹಾಕಿ ನೋಡಿ. ಹಸಿ ನೀರು 520, ಪೊರೆ ದಾಟಿದ್ದು ಸುಮಾರು 40. ಎರಡೂ ಸೇರಿ 250 ಆಗಬೇಕಾದರೆ ಹಸಿ ನೀರಿನ ಪಾಲು ನೂರಕ್ಕೆ 44. ಫ್ಲೋರೈಡೂ ಅಷ್ಟೇ ಪಾಲಿನಲ್ಲಿ ಬರುತ್ತದೆ: 2.3ರಲ್ಲಿ ಶೇ 44 ಅಂದರೆ 1.0, ಪೊರೆ ದಾಟಿ ಬಂದ ಚೂರು ಸೇರಿದರೆ 1.1. ಇಷ್ಟೆಲ್ಲ ದುಡ್ಡು ಕೊಟ್ಟು, ನೀರು ಚೆಲ್ಲಿ, ಮತ್ತೆ 1ರ ಮಿತಿ ಮೀರಿದ ನೀರೇ ಲೋಟಕ್ಕೆ. ಹಸಿ ನೀರಿನ ಟಿಡಿಎಸ್ ಕಡಿಮೆ ಇದ್ದಷ್ಟೂ ರುಚಿಗಾಗಿ ಬೆರೆಸುವ ಪಾಲು ಹೆಚ್ಚು, ಅಪಾಯವೂ ಹೆಚ್ಚು. ಸ್ಕ್ರೂ 100ಕ್ಕೆ ಇಳಿಸಿದರೆ ಹಸಿ ನೀರು ಎಂಟರಲ್ಲಿ ಒಂದು ಪಾಲು, ಫ್ಲೋರೈಡ್ ಅರ್ಧ ಮಿಲಿಗ್ರಾಂನ ಒಳಗೆ. ನಿಮ್ಮ ಮನೆಯ ಮಷೀನಿಗೂ ಈ ಸ್ಕ್ರೂ ಇದೆಯೇ, ಎಷ್ಟು ತೆರೆದಿದೆ ಎಂದು ಸರ್ವಿಸಿಗೆ ಬಂದವರನ್ನು ಬಿಡದೆ ಕೇಳಿ. ಮೀಟರ್ ನಿಜವಾಗಿ ಉಪಯೋಗಕ್ಕೆ ಬರುವುದೂ ಇಲ್ಲೇ: ಸ್ಕ್ರೂ ಮುಟ್ಟದಿದ್ದರೂ ತಿಂಗಳಿಂದ ತಿಂಗಳಿಗೆ ಅಂಕಿ ಏರುತ್ತಾ ಹೋದರೆ ಪೊರೆ ಸವೆದಿದೆ ಎಂದರ್ಥ.

ಇನ್ನೊಂದು ತಪ್ಪು ನಮ್ಮೆಲ್ಲರ ಮನೆಯದು. ಕುಡಿಯಲು ಫಿಲ್ಟರ್ ನೀರು, ಅಡುಗೆಗೆ ಬೋರ್ ನೀರು. ಅನ್ನ ಉಬ್ಬುವುದು ನೀರು ಹೀರಿಕೊಂಡೇ, ಮುದ್ದೆಗೆ ಇಡುವ ಎಸರು ನೀರೇ, ಬಸ್ಸಾರು ಬಹುಪಾಲು ನೀರೇ. ಅದರಲ್ಲಿದ್ದ ಫ್ಲೋರೈಡ್ ಬೆಂದರೂ ಎಲ್ಲೂ ಹೋಗುವುದಿಲ್ಲ, ತಟ್ಟೆಗೆ ಬರುತ್ತದೆ. ನಾಣ್ಯ ಹಾಕಿ ನೀರು ಹಿಡಿಯುವ ಊರಿನ ಶುದ್ಧ ನೀರಿನ ಘಟಕವನ್ನು ನಂಬಿರುವವರೂ ಅಡುಗೆಗೊಂದು ಕ್ಯಾನ್ ಹೆಚ್ಚು ತರಬೇಕು. ಕ್ಯಾನ್ ಒಳಗೆ ಕೈಯಾಡಿಸಿ ನೋಡಿ. ಜಾರುತ್ತಿದ್ದರೆ ಘಟಕದ ನೀರು ಎಷ್ಟು ಶುದ್ಧವಿದ್ದರೂ ಕ್ಯಾನ್ ಅದನ್ನು ಕೆಡಿಸುತ್ತದೆ.

ಪರೀಕ್ಷೆ ಕಷ್ಟದ ಕೆಲಸವಲ್ಲ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯ ಜಿಲ್ಲಾ ಕೇಂದ್ರದಲ್ಲಿದೆ. ಜಲಜೀವನ್ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಸ್ಥಳದಲ್ಲೇ ನೋಡುವ ಕಿಟ್ ಕೊಟ್ಟಿದ್ದಾರೆ, ಫ್ಲೋರೈಡನ್ನು ಬಣ್ಣ ಹೋಲಿಸಿ ಅಂದಾಜು ಮಾಡಬಹುದು. ನೀರನ್ನು ಐದು ನಿಮಿಷ ಹರಿಯಲು ಬಿಟ್ಟು, ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಕಲಕಿ ಚೆಲ್ಲಿ, ಆಮೇಲೆ ತುಂಬಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಬಾಟಲಿ ಬೇಕು. ಫ್ಲೋರೈಡ್, ನೈಟ್ರೇಟ್, ಗಡಸುತನ, ರೋಗಾಣು, ಇವಿಷ್ಟನ್ನು ಹೆಸರು ಹೇಳಿ ಕೇಳಿ. ನೈಟ್ರೇಟ್ 45 ಮಿಲಿಗ್ರಾಂ ದಾಟಿದ್ದರೆ ಗೊಬ್ಬರವೋ ಕಕ್ಕಸು ಗುಂಡಿಯೋ ಬೋರಿಗೆ ತಲುಪುತ್ತಿದೆ ಎಂಬ ಅನುಮಾನ ಬರಬೇಕು; ಅಂಥ ನೀರನ್ನು ಎಳೆಗೂಸಿಗೆ ಕೊಡಲೇಬಾರದು. ಬೇಸಿಗೆಯ ಕೊನೆಗೊಮ್ಮೆ, ಮಳೆ ಕಳೆದ ಮೇಲೊಮ್ಮೆ ಮಾಡಿಸಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ, ಬೋರ್‌ಗಳಲ್ಲಿ ನೀರು ಮೇಲೆ ಬಂದಿದೆ. ಒಳ್ಳೆಯದೇ, ಆದರೆ ಕೆರೆಯ ಸುತ್ತಮುತ್ತಲ ಬೋರಿನ ಐದು ವರ್ಷ ಹಿಂದಿನ ಚೀಟಿ ಇವತ್ತಿಗೆ ಸಾಲದು.

ಫ್ಲೋರೈಡೂ ಇಲ್ಲದ, ಗಡಸೂ ಅಲ್ಲದ ನೀರು ಒಂದಿದೆ, ಅದು ಮಾಳಿಗೆಯ ಮೇಲೆ ಬೀಳುತ್ತದೆ. ವರ್ಷಕ್ಕೆ 700 ಮಿಲಿಮೀಟರ್ ಮಳೆ ಹಿಡಿದರೆ ಸಾವಿರ ಚದರ ಅಡಿಯ ಮಾಳಿಗೆಯಿಂದ ಸುಮಾರು 50 ಸಾವಿರ ಲೀಟರ್ ಸಿಗುತ್ತದೆ. ನಾಲ್ಕು ಜನರ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಬೇಕಾಗುವುದು ಸುಮಾರು 9 ಸಾವಿರ. ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟು, ಸೋಸಿ, ಬೆಳಕು ಬೀಳದ ಸಂಪಿನಲ್ಲಿಟ್ಟು, ಕುಡಿಯುವ ಮುಂಚೆ ಕುದಿಸಿದರೆ ಆಯಿತು.

ಕೋಲಾರದ ನಮ್ಮ ಮನೆಗೆ ಆರ್‌ಒ ಹಾಕಿಸಲಿಲ್ಲ. ಕಾರ್ಬನ್ ಮತ್ತು ಯುವಿ ಇರುವ ಮಷೀನ್ ಸಾಕಾಯಿತು. ಅವರೆಕಾಳಿಗೆ ಮಾತ್ರ ಕುದಿಸಿ ಬಸಿದ ನೀರು. ತವರಿನ ಮಷೀನಿನ ಸ್ಕ್ರೂ ಇಳಿಸಿ ಮತ್ತೆ ಪರೀಕ್ಷೆ ಮಾಡಿಸಿದೆ, ಫ್ಲೋರೈಡ್ 0.4 ಬಂತು. ಸಪ್ಪೆಯ ದೂರಿಗೆ ಅಮ್ಮನೇ ದಾರಿ ಕಂಡುಕೊಂಡರು: ಆರ್‌ಒ ನೀರನ್ನು ಮಣ್ಣಿನ ಮಡಕೆಗೆ ತುಂಬಿ ಮೂಲೆಯಲ್ಲಿ ಮರಳಿನ ಮೇಲೆ ಇಟ್ಟಿದ್ದಾರೆ. ತಣ್ಣಗಿದ್ದರೆ ಸಪ್ಪೆ ಅಷ್ಟಾಗಿ ಗೊತ್ತಾಗುವುದಿಲ್ಲ. ಹೋದ ವಾರ ಹೋದಾಗ ಮುದ್ದೆಗೆ ಎಸರಿಡಲು ಬಿಂದಿಗೆ ಕಡೆ ಕೈ ಚಾಚಿದೆ. "ಅದು ಬ್ಯಾಡ, ಮಡಕೇದು ತಗೋ" ಅಂದರು.